ಅಕ್ಕಿ ನೀರಲ್ಲಿ ತೇಲಿದರೆ ಅದು ಪ್ಲಾಸ್ಟಿಕ್ಕೇ? ತೇಲು-ಮುಳುಗು ಪರೀಕ್ಷೆಗಳ ಅಸಲಿ ಕಥೆ

ಈ ವಿಡಿಯೋ ನಿಮಗೂ ಬಂದಿರಬಹುದು. ಬೋಗುಣಿಯಲ್ಲಿ ನೀರು, ನೀರಿನ ಮೇಲೆ ಒಂದಿಷ್ಟು ಅಕ್ಕಿಕಾಳು. ಹಿಂದಿನಿಂದ ಗಾಬರಿಯ ದನಿ: "ನೋಡ್ರಿ, ರೇಷನ್ ಅಕ್ಕಿದಾಗ ಪ್ಲಾಸ್ಟಿಕ್ ಹಾಕ್ಯಾರ. ನೀರಾಗ ತೇಲ್ಲಕತ್ತದ. ಮಕ್ಕಳಿಗಿ ಉಣ್ಣಸಬ್ಯಾಡ್ರಿ." ಕೊನೆಗೆ ಎಲ್ಲ ಗ್ರೂಪಿಗೂ ಕಳಿಸಿ ಎಂಬ ಮನವಿ. ಬೀದರ್, ಭಾಲ್ಕಿ, ಔರಾದ್ ಕಡೆಯ ಮನೆಮಂದಿಯ ವಾಟ್ಸಾಪ್ ಗ್ರೂಪುಗಳಲ್ಲಿ ಈ ಧಾಟಿಯ ಸಂದೇಶಗಳಿಗೆ ಬರವಿಲ್ಲ. ಅಕ್ಕಿಯದು ಹಳತಾಯಿತು ಎನ್ನುವಷ್ಟರಲ್ಲಿ ಮೊಟ್ಟೆಯದು ಬರುತ್ತದೆ, ಆಮೇಲೆ ಜೇನುತುಪ್ಪದ್ದು, ಎಣ್ಣೆಯದು. ಎಲ್ಲದರಲ್ಲೂ ಪರೀಕ್ಷೆ ಒಂದೇ: ನೀರಿಗೆ ಹಾಕಿ ನೋಡಿ, ತೇಲಿತೋ ಮುಳುಗಿತೋ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಆ ಅಕ್ಕಿಕಾಳು ತೇಲುವುದು ನಿಜ. ಅದು ಪ್ಲಾಸ್ಟಿಕ್ ಎಂಬುದು ಸುಳ್ಳು. ಹೆಚ್ಚಿನ ಸಲ ಅದು ಕಬ್ಬಿಣಾಂಶ ಮತ್ತು ವಿಟಮಿನ್ ಸೇರಿಸಿದ ಸಾರವರ್ಧಿತ ಕಾಳು. ನೀವು ಎತ್ತಿ ಹೊರಗೆ ಚೆಲ್ಲುತ್ತಿರುವುದು ಅದನ್ನೇ.

ಹಾಗಾದರೆ ಅದು ತೇಲುವುದೇಕೆ? ಅದಕ್ಕೆ ಮೊದಲು ತೇಲುವುದು ಅಂದರೇನು ಎಂದು ನೋಡಬೇಕು.

ಎಣ್ಣೆ ಪ್ಯಾಕೆಟ್ ಮೇಲಿನ 910 ಗ್ರಾಂ

ಅಡುಗೆಮನೆಗೆ ಹೋಗಿ 1 ಲೀಟರ್ ಎಣ್ಣೆ ಪ್ಯಾಕೆಟ್ ತಿರುಗಿಸಿ ನೋಡಿ. ಲೀಟರ್ ಪಕ್ಕದಲ್ಲೇ ಸಾಮಾನ್ಯವಾಗಿ 910 ಗ್ರಾಂ ಎಂದು ಬರೆದಿರುತ್ತದೆ. "ಲೀಟರ್ ಅಂತ ಹೇಳಿ 90 ಗ್ರಾಂ ನುಂಗ್ಯಾರ" ಎಂಬ ಫಾರ್ವರ್ಡ್ ಕೂಡ ಇದೆ. ಅಲ್ಲಿ ಮೋಸವಿಲ್ಲ. ಲೀಟರ್ ಎಂಬುದು ಜಾಗದ ಅಳತೆ, ಗ್ರಾಂ ಎಂಬುದು ತೂಕದ ಅಳತೆ. ಒಂದು ಲೀಟರ್ ನೀರು 1,000 ಗ್ರಾಂ ತೂಗುತ್ತದೆ. ಅಷ್ಟೇ ಜಾಗ ಹಿಡಿಯುವ ಅಡುಗೆ ಎಣ್ಣೆ ಸುಮಾರು 910ರಿಂದ 920 ಗ್ರಾಂ ತೂಗುತ್ತದೆ. (ಕೆಲವು ಪ್ಯಾಕೆಟ್‌ಗಳ ಮೇಲೆ 910ಕ್ಕಿಂತ ಕಡಿಮೆ ಗ್ರಾಂ ಇರುತ್ತದೆ. ನೋಡಲು ಲೀಟರ್ ಪ್ಯಾಕೆಟ್ಟಿನಂತೆಯೇ ಕಂಡರೂ ಅದು ಪೂರ್ತಿ ಲೀಟರ್ ಅಲ್ಲ. ಅದನ್ನು ಮಾತ್ರ ಓದಿಯೇ ಕೊಳ್ಳಿ.)

ಒಂದೇ ಅಳತೆಯ ಜಾಗದಲ್ಲಿ ಎಷ್ಟು ತೂಕ ತುಂಬಿದೆ ಎಂಬುದನ್ನು ಸಾಂದ್ರತೆ ಎನ್ನುತ್ತಾರೆ. ಒಂದು ವಸ್ತುವನ್ನು ನೀರಿಗೆ ಬಿಟ್ಟಾಗ ಅದು ತಾನು ಹಿಡಿದ ಜಾಗದಲ್ಲಿದ್ದ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಸರಿದ ನೀರಿನ ತೂಕ ಎಷ್ಟೋ ಅಷ್ಟೇ ಬಲದಿಂದ ನೀರು ಆ ವಸ್ತುವನ್ನು ಮೇಲಕ್ಕೆ ನೂಕುತ್ತದೆ. ಇದನ್ನು 2,200 ವರ್ಷಗಳಿಗೂ ಹಿಂದೆ ಗ್ರೀಕ್ ವಿಜ್ಞಾನಿ ಆರ್ಕಿಮಿಡೀಸ್ ಹೇಳಿದ್ದ. ಎಣ್ಣೆಯ ಲೆಕ್ಕ ಈಗ ಸುಲಭ. ಅದರ ತೂಕ 910, ನೀರು ನೂಕುವ ಬಲ 1,000. ನೀರೇ ಗೆಲ್ಲುತ್ತದೆ, ಎಣ್ಣೆ ಮೇಲೆ ಬರುತ್ತದೆ. ಒಂದು ಲೀಟರ್ ಜೇನುತುಪ್ಪ ಸುಮಾರು 1,400 ಗ್ರಾಂ ಇರುವುದರಿಂದ ತಳಕ್ಕೆ ಹೋಗುತ್ತದೆ. ಸೀಮೆಎಣ್ಣೆ ಸುಮಾರು 800 ಗ್ರಾಂ, ಹಾಗಾಗಿ ತೇಲುತ್ತದೆ.

ಇಲ್ಲಿ "ಭಾರವಾದದ್ದು ಮುಳುಗುತ್ತದೆ" ಎಂಬ ಮಾತು ಪೂರ್ತಿ ಸರಿಯಲ್ಲ. ಬೀದರಿನ ಬಿದ್ರಿ ಸಾಮಾನು ಮಾಡುವುದು ಸತು ಮತ್ತು ತಾಮ್ರದ ಮಿಶ್ರಲೋಹದಿಂದ. ಸತುವೇ ಹೆಚ್ಚು. ಸತು ಅಂದರೆ ಅಷ್ಟೇ ಜಾಗದ ನೀರಿಗಿಂತ ಏಳು ಪಟ್ಟು ಭಾರ. ಬಿದ್ರಿಯ ಚಿಕ್ಕ ಗುಂಡಿಯನ್ನು ನೀರಿಗೆ ಬಿಟ್ಟರೆ ಥಟ್ಟನೆ ಮುಳುಗುತ್ತದೆ. ಅದೇ ಲೋಹವನ್ನು ತೆಳುವಾದ ಬಟ್ಟಲು ಮಾಡಿ ನೀರಿನ ಮೇಲೆ ಮೆಲ್ಲಗೆ ಇಟ್ಟರೆ ತೇಲುತ್ತದೆ. ಲೋಹ ಬದಲಾಗಿಲ್ಲ. ಬಟ್ಟಲಿನೊಳಗಿನ ಗಾಳಿಯೂ ಸೇರಿ ಅದು ಹಿಡಿಯುವ ಜಾಗ ಹೆಚ್ಚಾಯಿತು, ಸರಿಸುವ ನೀರೂ ಹೆಚ್ಚಾಯಿತು. ಬಾವಿಯಲ್ಲಿ ಈಜು ಕಲಿಯುವ ಹುಡುಗರು ಬೆನ್ನಿಗೆ ಖಾಲಿ ಡಬ್ಬಿ ಅಥವಾ ಒಣಗಿದ ಸೋರೆಬುರುಡೆ ಕಟ್ಟಿಕೊಳ್ಳುವುದೂ ಇದೇ ಲೆಕ್ಕದಲ್ಲಿ. 2014ರಲ್ಲಿ ಯಾದಗಿರಿ ಜಿಲ್ಲೆಯ ನಡುಗಡ್ಡೆಯೊಂದರ ತುಂಬು ಗರ್ಭಿಣಿ ಸೋರೆ, ಕುಂಬಳಗಳನ್ನು ಕಟ್ಟಿಕೊಂಡು ತುಂಬಿ ಹರಿಯುತ್ತಿದ್ದ ಕೃಷ್ಣೆಯನ್ನು ಈಜಿ ದಾಟಿದ ಸುದ್ದಿ ದೇಶವೆಲ್ಲ ಹರಡಿತ್ತು. ಆ ತಾಯಿಯ ಧೈರ್ಯವನ್ನು ಮೆಚ್ಚುವುದಕ್ಕಿಂತ, ಅಂಥ ಪರಿಸ್ಥಿತಿ ಬಂದದ್ದೇಕೆ ಎಂದು ಕೇಳುವುದು ಮೇಲು. ಆದರೆ ತೇಲಿಸಿದ್ದು ಮಾತ್ರ ಬುರುಡೆಯೊಳಗಿನ ಗಾಳಿ.

ಪ್ಲಾಸ್ಟಿಕ್ ಎಲ್ಲವೂ ತೇಲುತ್ತದೆಯೇ?

ಫಾರ್ವರ್ಡ್ ನಂಬಿರುವುದು ಇದನ್ನೇ: ಪ್ಲಾಸ್ಟಿಕ್ ತೇಲುತ್ತದೆ, ಆದ್ದರಿಂದ ತೇಲಿದ್ದೆಲ್ಲ ಪ್ಲಾಸ್ಟಿಕ್. ಒಂದು ಖಾಲಿ ನೀರಿನ ಬಾಟಲಿ ಸಾಕು, ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಬಾಟಲಿಯಿಂದ ಉಗುರಿನಷ್ಟು ಚೂರು ಕತ್ತರಿಸಿ. ಬಾಟಲಿಯ ಮುಚ್ಚಳದಿಂದಲೂ ಒಂದು ಚೂರು ತೆಗೆಯಿರಿ. ಎರಡನ್ನೂ ನೀರಿಗೆ ಹಾಕಿ, ಬೆರಳಿಂದ ಒಮ್ಮೆ ಒಳಗೆ ಒತ್ತಿ ಪೂರ್ತಿ ನೆನೆಸಿ, ಆಮೇಲೆ ಬಿಡಿ. ಮುಚ್ಚಳದ ಚೂರು ಮೇಲೆ ಬರುತ್ತದೆ, ಬಾಟಲಿಯ ಚೂರು ತಳ ಸೇರುತ್ತದೆ. ಎರಡೂ ಪ್ಲಾಸ್ಟಿಕ್ಕೇ. ಮುಚ್ಚಳ ಮಾಡುವ ಪ್ಲಾಸ್ಟಿಕ್ ನೀರಿಗಿಂತ ಸ್ವಲ್ಪ ಹಗುರ, ಬಾಟಲಿ ಮಾಡುವ ಪೆಟ್ ಪ್ಲಾಸ್ಟಿಕ್ ನೀರಿಗಿಂತ ಸುಮಾರು 1.38 ಪಟ್ಟು ಭಾರ. ನೀರಿನ ಪೈಪಿಗೆ ಬಳಸುವ ಪಿವಿಸಿಯೂ ಮುಳುಗುತ್ತದೆ. ಅಂದಮೇಲೆ ಯಾರಾದರೂ ನಿಜವಾಗಿಯೇ ಪ್ಲಾಸ್ಟಿಕ್ ಬೆರೆಸಿದರೂ ಈ ಪರೀಕ್ಷೆ ಅದನ್ನು ಖಾತ್ರಿಯಾಗಿ ಹಿಡಿಯುವುದಿಲ್ಲ.

ತೇಲುವ ಆ ಕಾಳು ಎಲ್ಲಿಂದ ಬಂತು?

2021ರ ಆಗಸ್ಟ್ 15ರಂದು ಪ್ರಧಾನಿ ಕೆಂಪುಕೋಟೆಯ ಭಾಷಣದಲ್ಲಿ, ಸರ್ಕಾರದ ಯೋಜನೆಗಳಲ್ಲಿ ಬಡವರಿಗೆ ಸಿಗುವ ಅಕ್ಕಿಯನ್ನೆಲ್ಲ 2024ರೊಳಗೆ ಸಾರವರ್ಧಿತ ಮಾಡುವುದಾಗಿ ಘೋಷಿಸಿದರು. ಆಮೇಲೆ ಹಂತಹಂತವಾಗಿ ರೇಷನ್ ಅಂಗಡಿ, ಅಂಗನವಾಡಿ, ಶಾಲೆಯ ಬಿಸಿಯೂಟಕ್ಕೆ ಈ ಅಕ್ಕಿ ಬಂತು. ಮಾಡುವ ಬಗೆ ಹೀಗೆ. ಅಕ್ಕಿಯನ್ನು ಹಿಟ್ಟು ಮಾಡಿ, ಅದಕ್ಕೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ವಿಟಮಿನ್ ಬಿ12 ಬೆರೆಸುತ್ತಾರೆ. ಆ ಹಿಟ್ಟನ್ನು ಯಂತ್ರದಲ್ಲಿ ಒತ್ತಿ ಮತ್ತೆ ಅಕ್ಕಿಯ ಆಕಾರದ ಕಾಳು ಮಾಡುತ್ತಾರೆ. ಮನೆಯಲ್ಲಿ ಶ್ಯಾವಿಗೆ ಒತ್ತುವುದನ್ನು ನೆನಪಿಸಿಕೊಳ್ಳಿ, ಹೆಚ್ಚುಕಡಿಮೆ ಅದೇ ಕೆಲಸ. ಹೀಗೆ ಮಾಡಿದ 1 ಕೆಜಿ ಕಾಳನ್ನು 100 ಕೆಜಿ ಸಾಮಾನ್ಯ ಅಕ್ಕಿಗೆ ಬೆರೆಸುತ್ತಾರೆ. ನಿಮ್ಮ ಮನೆಗೆ ಬರುವ 1 ಕೆಜಿ ಅಕ್ಕಿಯಲ್ಲಿ ಅದು ಸುಮಾರು 10 ಗ್ರಾಂ, ಅಂದರೆ ನೂರು ಕಾಳಿಗೆ ಒಂದು.

ಹೊಲದಲ್ಲಿ ಬೆಳೆದ ಅಕ್ಕಿಕಾಳು ಒಳಗೆಲ್ಲ ಗಟ್ಟಿ. ಅದು ಅಷ್ಟೇ ಜಾಗದ ನೀರಿಗಿಂತ ಸುಮಾರು 1.4 ಪಟ್ಟು ಭಾರ, ಹಾಗಾಗಿ ಮುಳುಗುತ್ತದೆ. ಹಿಟ್ಟಿನಿಂದ ಒತ್ತಿದ ಕಾಳಿನೊಳಗೆ ಕಣ್ಣಿಗೆ ಕಾಣದ ಗಾಳಿಯ ಗೂಡುಗಳು ಉಳಿದುಬಿಡುತ್ತವೆ. ಗೂಡು ಹೆಚ್ಚಿರುವ ಕಾಳು ತೇಲುತ್ತದೆ, ಕಡಿಮೆ ಇರುವುದು ಮುಳುಗುತ್ತದೆ. ಬಣ್ಣವೂ ಸ್ವಲ್ಪ ಬೇರೆ, ಮೇಲ್ಮೈ ಒಂಚೂರು ಮಾಸಲು. ನೋಡಿದವರಿಗೆ ಅನುಮಾನ ಬರುವುದು ಸಹಜ. ಅದನ್ನು ಜನರಿಗೆ ಮೊದಲೇ ಬಿಡಿಸಿ ಹೇಳುವ ಕೆಲಸ ಆಗಬೇಕಾದಷ್ಟು ಆಗಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ಚೀಲದ ಮೇಲೆ ಪ್ಲಸ್ ಎಫ್ ಗುರುತು ಹಾಕಿದರೆ ಸಾಲದು. ಅಕ್ಕಿ ಅಂಗಡಿಯಿಂದ ಮನೆಗೆ ಬರುವುದು ನಮ್ಮದೇ ಕೈಚೀಲದಲ್ಲಿ, ಆ ಗುರುತು ಅಂಗಡಿಯಲ್ಲೇ ಉಳಿಯುತ್ತದೆ.

ಒಣ ಅಕ್ಕಿಯನ್ನು ಮೆಲ್ಲಗೆ ಉದುರಿಸಿದಾಗ ಸಾಮಾನ್ಯ ಕಾಳೂ ಕೆಲವು ತೇಲುತ್ತವೆ. ಅದು ಸಾಂದ್ರತೆಯ ಆಟವಲ್ಲ. ನೀರಿನ ಮೇಲ್ಮೈ ಎಳೆದು ಕಟ್ಟಿದ ತೆಳು ಪೊರೆಯಂತೆ ವರ್ತಿಸುತ್ತದೆ, ಇದಕ್ಕೆ ಮೇಲ್ಮೈ ಸೆಳೆತ ಎನ್ನುತ್ತಾರೆ. ಸೂಜಿಯನ್ನು ಅಡ್ಡ ಇಟ್ಟರೆ ನೀರಿನ ಮೇಲೆ ನಿಲ್ಲುವುದು ಇದರಿಂದಲೇ. ಚಮಚದಿಂದ ಒಮ್ಮೆ ಕಲಕಿದರೆ ಇಂಥ ಕಾಳು ಮುಳುಗುತ್ತವೆ. ವಿಡಿಯೋಗಳಲ್ಲಿ ಯಾರೂ ಕಲಕಿ ತೋರಿಸುವುದಿಲ್ಲ ಎಂಬುದನ್ನು ಗಮನಿಸಿ.

ಅನುಮಾನ ಇನ್ನೂ ಹೋಗಿಲ್ಲವೇ? ತೇಲಿದ ಕಾಳನ್ನೇ ಆರಿಸಿ ಅರ್ಧ ಗಂಟೆ ನೆನೆಹಾಕಿ, ಬೆರಳ ನಡುವೆ ಹಿಸುಕಿ. ಹಿಟ್ಟಾಗುತ್ತದೆ. ಪ್ಲಾಸ್ಟಿಕ್ ಹಿಟ್ಟಾಗುವುದಿಲ್ಲ. ಇನ್ನೊಂದು ಕಾಳಿನ ಮೇಲೆ ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣದ ಒಂದು ಹನಿ ಹಾಕಿ. ಪಿಷ್ಟ ಇದ್ದರೆ ಕಡುನೀಲಿ ಅಥವಾ ಕಪ್ಪಾಗುತ್ತದೆ. ಅಕ್ಕಿಹಿಟ್ಟಿನ ಕಾಳು ಕಪ್ಪಾಗುತ್ತದೆ, ಪ್ಲಾಸ್ಟಿಕ್ ಆಗುವುದಿಲ್ಲ. (ಆ ಕಾಳನ್ನು ಎಸೆಯಿರಿ, ಅಡುಗೆಗೆ ಹಾಕಬೇಡಿ.) ಕುದಿಯುವ ನೀರಲ್ಲಿ ಅದು ಉಳಿದ ಅಕ್ಕಿಯಂತೆಯೇ ಉಬ್ಬಿ ಅನ್ನವಾಗುತ್ತದೆ ಎಂಬುದನ್ನಂತೂ ನೀವು ದಿನಾ ನೋಡುತ್ತಿದ್ದೀರಿ.

ಇಷ್ಟೆಲ್ಲ ಹೇಳುವುದಕ್ಕೆ ಕಾರಣವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ ಇದೆ. 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ. ಸಾರವರ್ಧಿತ ಅಕ್ಕಿಯೊಂದರಿಂದ ಇದು ಎಷ್ಟು ತಗ್ಗುತ್ತದೆ ಎಂಬುದರ ಬಗ್ಗೆ ತಜ್ಞರಲ್ಲಿ ಭಿನ್ನಾಭಿಪ್ರಾಯವಿದೆ, ಸೊಪ್ಪು, ಬೇಳೆ, ಮೊಟ್ಟೆಯ ಜಾಗವನ್ನು ಅದು ತುಂಬುವುದಿಲ್ಲ. ಥಲಸೀಮಿಯಾ ಇರುವವರು ಕಬ್ಬಿಣಾಂಶದ ಬಗ್ಗೆ ತಮ್ಮ ವೈದ್ಯರನ್ನು ಕೇಳಬೇಕು. ಅದೆಲ್ಲ ಚರ್ಚೆಯಾಗಲಿ. ಆದರೆ ಬಿಸಿಯೂಟದ ಅಕ್ಕಿ ಪ್ಲಾಸ್ಟಿಕ್ ಎಂದು ಹೆದರಿ ಮಗುವಿಗೆ ಶಾಲೆಯಲ್ಲಿ ಉಣ್ಣಬೇಡ ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ.

ಜೊಳ್ಳು ಚೆಲ್ಲುವ ಹಳೆಯ ಬುದ್ಧಿ

ತೇಲಿದ್ದನ್ನು ಚೆಲ್ಲುವುದು ಮೂರ್ಖತನ ಎಂದು ಯಾರೂ ತಿಳಿಯಬೇಡಿ. ಅದು ನಮ್ಮ ಹಿರಿಯರಿಂದ ಬಂದ ರೂಢಿ, ಬಹಳ ಕಡೆ ಸರಿಯೇ. ಕಾಳಿನೊಳಗೆ ಹುಳ ತಿಂದು ಟೊಳ್ಳು ಮಾಡಿದ್ದರೆ, ಕಾಳು ತುಂಬದೆ ಜೊಳ್ಳಾಗಿದ್ದರೆ, ಅದು ತೇಲುತ್ತದೆ. ಬಿತ್ತನೆಗೆ ಮೊದಲು ಬೀಜವನ್ನು ಉಪ್ಪುನೀರಿಗೆ ಹಾಕಿ ತೇಲಿದ್ದನ್ನು ತೆಗೆದುಬಿಡುವ ಪದ್ಧತಿ ಇದೆ. ಉಪ್ಪು ಕರಗಿದಾಗ ನೀರಿನ ಸಾಂದ್ರತೆ ಏರುತ್ತದೆ, ಅರೆಜೊಳ್ಳು ಕೂಡ ಮೇಲೆ ಬರುತ್ತದೆ. ಸಜ್ಜೆಯಲ್ಲಿ ಇದು ಇನ್ನೂ ಮುಖ್ಯ. ಎರ್ಗಾಟ್ ಎಂಬ ಶಿಲೀಂಧ್ರ ರೋಗ ತಗುಲಿದ ತೆನೆಯಲ್ಲಿ ಕಾಳಿನ ಬದಲು ಕಪ್ಪನೆಯ ಗಂಟು ಬೆಳೆಯುತ್ತದೆ, ಅದು ವಿಷ. ಸಜ್ಜೆಯನ್ನು ಉಪ್ಪುನೀರಲ್ಲಿ ಹಾಕಿದರೆ ಆ ಗಂಟುಗಳು ತೇಲುತ್ತವೆ, ಒಳ್ಳೆಯ ಕಾಳು ತಳದಲ್ಲಿ ನಿಲ್ಲುತ್ತದೆ.

ವ್ಯತ್ಯಾಸ ಎಲ್ಲಿದೆ? ಸಜ್ಜೆಯಲ್ಲಿ ತೇಲುವುದು ಏನೆಂದು ಮೊದಲೇ ಗೊತ್ತಿದೆ, ಅದನ್ನು ಬೇರ್ಪಡಿಸಲು ನೀರನ್ನು ಬಳಸುತ್ತೇವೆ. ಫಾರ್ವರ್ಡಿನಲ್ಲಿ ತೇಲಿದ್ದು ಏನೆಂದು ಗೊತ್ತಿಲ್ಲ, ತೇಲಿತು ಎಂಬುದರಿಂದಲೇ ಅದಕ್ಕೊಂದು ಹೆಸರು ಕೊಡುತ್ತಾರೆ.

ಕರಿಮೆಣಸು ಈ ಎರಡರ ನಡುವೆ ಬರುತ್ತದೆ. ನೀರಿಗೆ ಹಾಕಿದಾಗ ಮೆಣಸು ಮುಳುಗಿ, ಬೆರೆಸಿದ ಪಪ್ಪಾಯಿ ಬೀಜ ತೇಲುತ್ತದೆ ಎಂಬ ಪರೀಕ್ಷೆಯನ್ನು ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳುತ್ತದೆ. ಆದರೆ ಬಲಿಯದ ಟೊಳ್ಳು ಮೆಣಸೂ ತೇಲುತ್ತದೆ. ತೇಲಿದ್ದನ್ನು ಒಡೆದು ಮೂಸಿ ನೋಡಿ, ಮೆಣಸಾದರೆ ಘಾಟು ತಾನೇ ಹೇಳುತ್ತದೆ.

ತೇಲುವ ಮೊಟ್ಟೆ

ಇದರಲ್ಲಿ ಫಾರ್ವರ್ಡ್ ಅರ್ಧ ಸರಿ. ತಾಜಾ ಮೊಟ್ಟೆ ನೀರಿಗಿಂತ ಸ್ವಲ್ಪವೇ ಭಾರ, ತಳದಲ್ಲಿ ಅಡ್ಡ ಮಲಗುತ್ತದೆ. ದಿನ ಕಳೆದಂತೆ ಚಿಪ್ಪಿನ ಸಣ್ಣ ರಂಧ್ರಗಳಿಂದ ಒಳಗಿನ ತೇವ ಹೊರಹೋಗಿ, ಆ ಜಾಗಕ್ಕೆ ಗಾಳಿ ಬರುತ್ತದೆ. ಮೊದಲು ಮೊಟ್ಟೆ ಎದ್ದು ನಿಲ್ಲುತ್ತದೆ, ಆಮೇಲೆ ತೇಲುತ್ತದೆ. ಆದ್ದರಿಂದ ತೇಲುವ ಮೊಟ್ಟೆ ಹಳೆಯದು, ಅಷ್ಟು ಖಚಿತ. "ಪ್ಲಾಸ್ಟಿಕ್ ಮೊಟ್ಟೆ" ಎಂಬುದು ಮಾತ್ರ ಕಟ್ಟುಕಥೆ. ಹಳೆಯದಾದರೂ ಕೆಟ್ಟಿದೆಯೇ ಎಂದು ತಿಳಿಯಲು ಬೇರೆ ಬಟ್ಟಲಿಗೆ ಒಡೆದು ಮೂಸಬೇಕು. ನಾಲ್ಕಾರು ಚಮಚ ಉಪ್ಪು ಕರಗಿಸಿದ ಲೋಟದಲ್ಲಿ ಇವತ್ತಿನ ಮೊಟ್ಟೆಯೂ ತೇಲುತ್ತದೆ. ವಿಡಿಯೋದಲ್ಲಿ ಲೋಟದೊಳಗಿರುವುದು ಸಿಹಿನೀರೋ ಉಪ್ಪುನೀರೋ ನಿಮಗೆ ಹೇಗೆ ಗೊತ್ತಾಗಬೇಕು?

ಜೇನು, ಎಣ್ಣೆ, ಹಾಲು

ಜೇನುತುಪ್ಪ ಮುಳುಗಿದರೆ ಅಸಲಿ ಎನ್ನುತ್ತಾರೆ. ಸಕ್ಕರೆಯ ಗಟ್ಟಿ ಪಾಕವೂ ಮುಳುಗುತ್ತದೆ, ಬೆಲ್ಲದ ಪಾಕವೂ ಮುಳುಗುತ್ತದೆ. ಕಲಬೆರಕೆ ಮಾಡುವವರು ಬಳಸುವುದು ಅಂಥ ಪಾಕವನ್ನೇ. ಈ ಪರೀಕ್ಷೆಯಿಂದ ಪ್ರಯೋಜನವಿಲ್ಲ.

ಎಣ್ಣೆ ಪೂರ್ತಿ ಮೇಲೆ ತೇಲಿದರೆ ಶುದ್ಧ ಎಂಬುದು ಇದಕ್ಕಿಂತ ಅಪಾಯದ ಮಾತು. ಕುಸುಬೆ, ಶೇಂಗಾ, ಸೋಯಾ, ಪಾಮ್, ಯಾವುದೇ ಎಣ್ಣೆಯೂ ತೇಲುತ್ತದೆ. ತಿನ್ನಬಾರದ ಖನಿಜ ತೈಲವೂ ತೇಲುತ್ತದೆ. ಹೊಲದ ಬದುವಿನಲ್ಲಿ ಬೆಳೆಯುವ ಹಳದಿ ಹೂವಿನ ಮುಳ್ಳುಗಿಡ ಆರ್ಗಿಮೋನ್‌ನ ಬೀಜದ ಎಣ್ಣೆಯೂ ತೇಲುತ್ತದೆ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಇದು ಬೆರೆತು 60ಕ್ಕೂ ಹೆಚ್ಚು ಜನ ಸತ್ತರು. ಆ ಎಣ್ಣೆಯನ್ನು ನೀರಿಗೆ ಹಾಕಿದ್ದರೆ ಚೆಂದವಾಗಿ ತೇಲುತ್ತಿತ್ತು. ಎಣ್ಣೆಯ ಬಗ್ಗೆ ಅನುಮಾನ ಬಂದರೆ ಬಿಲ್ಲು ಇಟ್ಟುಕೊಂಡು ಜಿಲ್ಲಾ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ, ಪ್ರಯೋಗಾಲಯದ ಪರೀಕ್ಷೆಯೇ ಬೇಕು.

ಹಾಲಿನ ಡೇರಿಯಲ್ಲಿ ಬಳಸುವ ಲ್ಯಾಕ್ಟೋಮೀಟರ್ ಕೂಡ ತೇಲುವ ಗಾಜಿನ ಕಡ್ಡಿಯೇ. ಒಂದು ಲೀಟರ್ ಹಾಲು ಸುಮಾರು 1,030 ಗ್ರಾಂ. ನೀರು ಬೆರೆತರೆ ಸಾಂದ್ರತೆ ತಗ್ಗುತ್ತದೆ, ಕಡ್ಡಿ ಹೆಚ್ಚು ಮುಳುಗುತ್ತದೆ. ಇಲ್ಲೊಂದು ತಮಾಷೆಯಿದೆ. ಕೆನೆ ಎಂದರೆ ಕೊಬ್ಬು, ಅದು ನೀರಿಗಿಂತ ಹಗುರ. ಕೆನೆ ತೆಗೆದರೆ ಉಳಿದ ಹಾಲು ಇನ್ನಷ್ಟು ಸಾಂದ್ರವಾಗುತ್ತದೆ, ಆಗ ಒಂದಿಷ್ಟು ನೀರು ಸೇರಿಸಿದರೆ ಕಡ್ಡಿ ಮತ್ತೆ ಸರಿಯಾದ ಗೆರೆಗೆ ಬಂದು ನಿಲ್ಲುತ್ತದೆ. ಎರಡು ಮೋಸ ಸೇರಿ ಒಂದು ಸರಿ ಅಂಕಿ! ಅದಕ್ಕಾಗಿಯೇ ಡೇರಿಗಳು ಕಡ್ಡಿಯೊಂದನ್ನೇ ನಂಬದೆ ಕೊಬ್ಬಿನ ಅಂಶವನ್ನೂ ಅಳೆಯುತ್ತವೆ.

ಬಾಣಲೆಗೆ ಬೆಂಕಿ ಹತ್ತಿದಾಗ

ಮಿರ್ಚಿ ಭಜಿ ಕರಿಯುವಾಗ ನೋಡಿ. ಹಿಟ್ಟು ಎಣ್ಣೆಗೆ ಬಿದ್ದೊಡನೆ ತಳಕ್ಕೆ ಹೋಗುತ್ತದೆ, ಏಕೆಂದರೆ ಹಸಿ ಹಿಟ್ಟು ಎಣ್ಣೆಗಿಂತ ಸಾಂದ್ರ. ಕ್ಷಣದಲ್ಲೇ ಒಳಗಿನ ನೀರು ಆವಿಯಾಗಿ ಭಜಿ ಉಬ್ಬುತ್ತದೆ, ಎಣ್ಣೆಗಿಂತ ಹಗುರಾಗಿ ಮೇಲೆದ್ದು ಬರುತ್ತದೆ. ಸುತ್ತ ಏಳುವ ಗುಳ್ಳೆ ಎಣ್ಣೆಯದಲ್ಲ, ನೀರಿನ ಆವಿ.

ಇದೇ ವಿಷಯ ದೊಡ್ಡ ಪ್ರಮಾಣದಲ್ಲಿ ನಡೆದರೆ ಜೀವಕ್ಕೆ ಎರವಾಗುತ್ತದೆ. ಕಾದ ಎಣ್ಣೆಗೆ ಬೆಂಕಿ ಹತ್ತಿದಾಗ ಗಾಬರಿಯಲ್ಲಿ ಕೈಗೆ ಸಿಗುವುದು ನೀರಿನ ಚೊಂಬು. ಸುರಿದ ನೀರು ಬೆಂಕಿಯ ಮೇಲೆ ನಿಲ್ಲುವುದಿಲ್ಲ. ಎಣ್ಣೆಗಿಂತ ಸಾಂದ್ರವಾದ್ದರಿಂದ ಸೀದಾ ಅಡಿಗೆ ಇಳಿಯುತ್ತದೆ. ಉರಿಯುವ ಎಣ್ಣೆಯ ಬಿಸಿ 300 ಡಿಗ್ರಿ ದಾಟಿರುತ್ತದೆ, ನೀರು 100ಕ್ಕೇ ಕುದಿಯುತ್ತದೆ. ಅಡಿಗೆ ಇಳಿದ ನೀರು ಒಮ್ಮೆಲೇ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ, ಮೇಲಿದ್ದ ಉರಿಯುವ ಎಣ್ಣೆಯನ್ನೆಲ್ಲ ಹನಿಹನಿಯಾಗಿ ಗಾಳಿಗೆ ಎಸೆಯುತ್ತದೆ. ಒಂದು ಬಾಣಲೆಯ ಬೆಂಕಿ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡು ಮುಟ್ಟುತ್ತದೆ. ಸೀಮೆಎಣ್ಣೆ, ಪೆಟ್ರೋಲ್ ಚೆಲ್ಲಿ ಹತ್ತಿದ ಬೆಂಕಿಗೂ ನೀರು ಹಾಕಬಾರದು, ಅವು ನೀರಿನ ಮೇಲೆ ತೇಲುತ್ತಾ ಉರಿಯುತ್ತಾ ನೀರು ಹರಿದ ಕಡೆಗೆಲ್ಲ ಹೋಗುತ್ತವೆ.

ಮಾಡಬೇಕಾದ್ದು ಇಷ್ಟು. ಕೈಗೆ ಎಟುಕಿದರೆ ಒಲೆಯ ಗ್ಯಾಸ್ ಬಂದ್ ಮಾಡಿ. ಬಾಣಲೆಗಿಂತ ದೊಡ್ಡದಾದ ಸ್ಟೀಲ್ ತಟ್ಟೆ ಅಥವಾ ಮುಚ್ಚಳವನ್ನು ಪಕ್ಕದಿಂದ ಸರಿಸಿದಂತೆ ಮುಚ್ಚಿ. ಗಾಳಿ ಸಿಗದೆ ಬೆಂಕಿ ಆರುತ್ತದೆ. ಆರಿತು ಎಂದು ಕೂಡಲೇ ತೆರೆಯಬೇಡಿ, ಎಣ್ಣೆ ಪೂರ್ತಿ ತಣ್ಣಗಾಗುವವರೆಗೆ ಹಾಗೆಯೇ ಬಿಡಿ. ಉರಿಯುವ ಬಾಣಲೆಯನ್ನು ಎತ್ತಿಕೊಂಡು ಹೊರಗೆ ಓಡಬೇಡಿ. ಮುಚ್ಚಲು ಆಗದಷ್ಟು ಬೆಂಕಿ ಎದ್ದಿದ್ದರೆ ಎಲ್ಲರನ್ನೂ ಹೊರಗೆ ಕರೆದು 101 ಅಥವಾ 112ಕ್ಕೆ ಕರೆ ಮಾಡಿ.